ಹಾಡು ತೆಗೆದರೆ ಹೆದರಿಕೆ ಉಳಿಯುತ್ತದೆಯೇ?

ಓದುಗರ ಪ್ರಶ್ನೆ

ನಮಸ್ಕಾರ ಸರ್. ಧಾರವಾಡದಲ್ಲಿ ನಾವು ಎಂಟು ಜನ ಗೆಳೆಯರು ಸೇರಿ, ನನ್ನ ಸೋದರಮಾವನಿಂದ ಒಂಬತ್ತು ಲಕ್ಷ ರೂಪಾಯಿ ಹಾಕಿಸಿ, 78 ನಿಮಿಷದ ಒಂದು ಚಿತ್ರ ಮಾಡಿದ್ದೇವೆ. ಅದು ಹಾರರ್ ಚಿತ್ರ, ಆದರೆ ಕಥೆಯನ್ನು ಹೆಚ್ಚಾಗಿ ಏಳು ಹಾಡುಗಳೇ ಹೇಳುತ್ತವೆ. ಬಾಗಿಲು ಮುಚ್ಚಿದ ನಾಟಕ ಕಂಪನಿಯೊಂದರ ಉಡುಪುಗಳನ್ನು ಸರಿಪಡಿಸಲು ಬಂದ ಹೊಲಿಗೆಯ ಹುಡುಗಿಗೆ, ಹಿಂದೆಂದೋ ಬಣ್ಣದ ಕೋಣೆಯಲ್ಲಿ ಸತ್ತ ನಟಿಯೊಬ್ಬಳು ಕಾಣಿಸಿಕೊಳ್ಳುತ್ತಾಳೆ. ಕೊನೆಗೆ ಹುಡುಗಿಯೂ ಉಡುಪಿನ ಪೆಟ್ಟಿಗೆಯೊಳಗೆ ಸೇರಿಹೋಗುತ್ತಾಳೆ. ಕಳೆದ ತಿಂಗಳು 43 ಮಂದಿಗೆ ತೋರಿಸಿ ಚೀಟಿಯಲ್ಲಿ ಅಭಿಪ್ರಾಯ ಬರೆಸಿಕೊಂಡೆವು. 38 ಚೀಟಿಗಳು ಬಂದವು. ಹೆಚ್ಚಿನವರಿಗೆ ನಿರಾಸೆಯಾಗಿದೆ. 14 ಮಂದಿ ‘ಹಾಡು ತೆಗೆದರೆ ಒಳ್ಳೆಯ ಹಾರರ್’ ಎಂದಿದ್ದಾರೆ. 11 ಮಂದಿ ಕೊನೆ ಸರಿಯಿಲ್ಲ ಎಂದಿದ್ದಾರೆ. ‘ಲ್ಯಾಗ್’ ಎಂಬ ಮಾತು ಒಂಬತ್ತು ಚೀಟಿಗಳಲ್ಲಿದೆ. ಮೂರನೆಯ ಹಾಡಿನಲ್ಲಿ ಸತ್ತ ನಟಿ ಬಾಯಿ ತೆರೆದ ಕೂಡಲೇ ಸಭಾಂಗಣ ನಕ್ಕುಬಿಟ್ಟಿತು. ಇಷ್ಟಾಗಿಯೂ ಆರು ಮಂದಿ, ಹಾಡುಗಳನ್ನು ಮೊಬೈಲಿಗೆ ಕಳಿಸಿ ಎಂದು ನಂಬರು ಬರೆದುಕೊಟ್ಟಿದ್ದಾರೆ. ಹಾಡುಗಳನ್ನೆಲ್ಲ ಕಿತ್ತು ಬರೀ ಹಾರರ್ ಎಂದು ಯೂಟ್ಯೂಬಿಗೆ ಹಾಕೋಣ ಎನ್ನುತ್ತಾರೆ ಮಾವ. ಸಂಗೀತ ಮಾಡಿದ ಗೆಳೆಯ, ಇಂಥ ಚಿತ್ರಗಳು ಮೊದಲು ಸೋತು ಆಮೇಲೆ ಕಲ್ಟ್ ಆಗುತ್ತವೆ, ಅಂದರೆ ಒಂದು ಬಳಗ ಅವನ್ನು ಹುಚ್ಚಾಗಿ ಪ್ರೀತಿಸುತ್ತದೆ, ಒಂದು ಫ್ರೇಮನ್ನೂ ಮುಟ್ಟಬೇಡ ಎನ್ನುತ್ತಾನೆ. ಯಾರ ಮಾತು ಕೇಳಬೇಕೋ ತಿಳಿಯುತ್ತಿಲ್ಲ. ನಮ್ಮ ಜನಕ್ಕೆ ಹೆದರಿಕೆಯೂ ಹಾಡೂ ಒಟ್ಟಿಗೆ ಹಿಡಿಸುವುದಿಲ್ಲವೇ?

ಉತ್ತರ

ಪತ್ರದ ಜೊತೆಗೆ ನೀವು ಕಳಿಸಿದ ಚೀಟಿಗಳ ಫೋಟೋಗಳನ್ನು ಎರಡು ಸಲ ಓದಿದೆ, ಚಿತ್ರವನ್ನೂ ಪೂರ್ತಿ ನೋಡಿದೆ. ನಿಮ್ಮ ಆತಂಕದಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಇಂಥ ಚಿತ್ರ ನಮ್ಮ ಪ್ರೇಕ್ಷಕರಿಗೆ ಹಿಡಿಸುವುದೇ ಇಲ್ಲವೇನೋ ಎಂಬ ಸಂಶಯ ಒಂದು. ಬಂದ ಅಭಿಪ್ರಾಯಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲವಲ್ಲ, ಅವನ್ನು ಹೇಗೆ ಓದಬೇಕು ಎಂಬ ಗೊಂದಲ ಇನ್ನೊಂದು. ಈಗ ಚಿತ್ರಕ್ಕೆ ಕತ್ತರಿ ಹಾಕಬೇಕೇ ಬೇಡವೇ ಎಂಬ ತೀರ್ಮಾನ ಮೂರನೆಯದು. ಇಪ್ಪತ್ತು ವರ್ಷಕ್ಕೂ ಮೇಲೆ ಸಂಕಲನದ ಮೇಜಿನ ಮುಂದೆ ಕುಳಿತವನಾಗಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ನೀವು ಗಮನಿಸದ ಒಂದು ಸಂಗತಿ. ‘ಹಾಡು ತೆಗೆಯಿರಿ’ ಎಂದು ಬರೆದ 14 ಮಂದಿಯಲ್ಲಿ ಇಬ್ಬರು, ಅದೇ ಚೀಟಿಯ ಕೆಳಗೆ ಹಾಡು ಕಳಿಸಿ ಎಂದು ನಂಬರನ್ನೂ ಬರೆದಿದ್ದಾರೆ. ಆ 14ರಲ್ಲಿ 11 ಮಂದಿ ಹೆಸರಿಸಿರುವುದು ಎರಡೇ ಜಾಗಗಳನ್ನು: ಬಣ್ಣದ ಕೋಣೆಯಲ್ಲಿ ಬರುವ ಮೂರನೆಯ ಹಾಡು, ಬಾವಿಕಟ್ಟೆಯ ಹತ್ತಿರ ಬರುವ ಐದನೆಯ ಹಾಡು. ಹಾಗಾದರೆ ಇವರಿಗೆ ಹಾಡು ಬೇಡವಾಗಿಲ್ಲ. ಆ ಎರಡು ಕಡೆ ಏನೋ ಕೆಟ್ಟಿದೆ, ಅದಕ್ಕೆ ಅವರಿಗೆ ಸಿಕ್ಕ ಹೆಸರು ‘ಹಾಡು’, ಅಷ್ಟೇ. ಪ್ರೇಕ್ಷಕರು ನೋವು ಎಲ್ಲಿದೆ ಎಂದು ಹೇಳಿದಾಗ ನಾನು ಸಂಪೂರ್ಣವಾಗಿ ನಂಬುತ್ತೇನೆ; ಏನನ್ನು ಕತ್ತರಿಸಬೇಕು ಎಂದು ಹೇಳಿದಾಗ, ಆ ಸಲಹೆಯ ಹಿಂದಿರುವ ನೋವನ್ನು ಹುಡುಕುತ್ತೇನೆ.

ಹೆದರಿಕೆಯೂ ಹಾಡೂ ನಮ್ಮಲ್ಲಿ ಕೂಡುವುದಿಲ್ಲ ಎಂಬ ಮಾತನ್ನು ಮೊದಲು ಪಕ್ಕಕ್ಕಿಡೋಣ. ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ರಂಗಕ್ಕೆ ಬರುವುದನ್ನು ಚಿಕ್ಕಂದಿನಲ್ಲಿ ಕಂಡವರು ಅದನ್ನು ಮರೆಯಲಾರರು. ಚೆಂಡೆ ಏರುತ್ತಾ ಹೋಗುತ್ತದೆ, ತೆರೆಯ ಹಿಂದಿನಿಂದ ಕಿರೀಟದ ತುದಿ ಮಾತ್ರ ಕಾಣುತ್ತದೆ, ಹಳೆಯ ಕಾಲದಲ್ಲಾದರೆ ದೊಂದಿಗೆ ರಾಳ ಎರಚಿ ಬೆಂಕಿ ಭಗ್ಗೆನಿಸುತ್ತಿದ್ದರು, ಅಮ್ಮನ ಸೆರಗಿನಲ್ಲಿ ಮಕ್ಕಳು ಮುಖ ಮುಚ್ಚಿಕೊಳ್ಳುತ್ತಿದ್ದರು. ಅಲ್ಲಿ ಹೆದರಿಕೆಯನ್ನು ಕಟ್ಟುವುದೇ ಸಂಗೀತ. ಚಲನಚಿತ್ರದಲ್ಲಿಯೂ 2004ರ ‘ಆಪ್ತಮಿತ್ರ’ದ ಕೊನೆಯಲ್ಲಿ ನಾಗವಲ್ಲಿಯ ಹಾಡನ್ನು ಕರ್ನಾಟಕದ ಜನ ಉಸಿರು ಬಿಗಿಹಿಡಿದು ನೋಡಿದರು, ಕನ್ನಡ ಚಿತ್ರದಲ್ಲಿ ತೆಲುಗಿನ ಹಾಡಾದರೂ ಯಾರೂ ಎದ್ದು ಹೊರಗೆ ಹೋಗಲಿಲ್ಲ, ಏಕೆಂದರೆ ಅಷ್ಟು ಹೊತ್ತು ಕಾದ ಹೆದರಿಕೆ ಮುಖ ತೋರಿಸುವುದೇ ಆ ಹಾಡಿನಲ್ಲಿ. ಆದರೆ ನಮ್ಮ ಪ್ರೇಕ್ಷಕರ ಒಂದು ಅಭ್ಯಾಸವನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ದಶಕಗಳಿಂದ ನಮ್ಮ ಚಿತ್ರಗಳಲ್ಲಿ ಹಾಡೆಂದರೆ ಹಲವು ಸಲ ಬಿಡುವು: ಫೋನು ನೋಡುವ, ಪಕ್ಕದವರೊಡನೆ ಎರಡು ಮಾತಾಡುವ, ಹೊರಗೆ ಹೋಗಿ ಬರುವ ಹೊತ್ತು. ನಿಮ್ಮ ಚಿತ್ರದಲ್ಲಿ ಕಥೆ ನಡೆಯುವುದೇ ಹಾಡಿನೊಳಗೆ. ಹಾಡು ಬಂತು ಎಂದು ಮೈ ಸಡಿಲಬಿಟ್ಟವನು ಕಥೆಯ ಎಳೆಯನ್ನೇ ಕಳೆದುಕೊಳ್ಳುತ್ತಾನೆ, ಆಮೇಲೆ ಚೀಟಿಯಲ್ಲಿ ‘ಅರ್ಥವಾಗಲಿಲ್ಲ’, ‘ಲ್ಯಾಗ್’ ಎಂದು ಬರೆಯುತ್ತಾನೆ. ಇದು ಪ್ರೇಕ್ಷಕನ ತಪ್ಪಲ್ಲ. ಈ ಚಿತ್ರದಲ್ಲಿ ಹಾಡಿಗೆ ಬೇರೆಯೇ ಕೆಲಸವಿದೆ ಎಂಬುದನ್ನು ಮೊದಲ ಹಾಡಿನಲ್ಲಿಯೇ ಅವನಿಗೆ ಮನಗಾಣಿಸುವುದು ಚಿತ್ರದ ಕೆಲಸ. ನಿಮ್ಮ ಮೊದಲ ಹಾಡು ಹುಡುಗಿ ಬಸ್ಸಿಳಿದು ಊರೊಳಗೆ ನಡೆದುಬರುವ ಹಾಡು. ಇಂಪಾಗಿದೆ, ಆದರೆ ಅದರಲ್ಲಿ ಏನೂ ನಡೆಯುವುದಿಲ್ಲ. ಹಾಡು ಬಂದಾಗ ವಿಶ್ರಮಿಸಬಹುದು ಎಂಬ ಪಾಠವನ್ನು ನೀವೇ ಕಲಿಸಿಬಿಟ್ಟಿದ್ದೀರಿ.

ಈಗ ಮೂಲ ಕಾರಣಕ್ಕೆ ಬರುತ್ತೇನೆ. ಹೆದರಿಕೆ ನಿಂತಿರುವುದು ಮುಂದಿನ ಕ್ಷಣದ ಮೇಲೆ: ಬಾಗಿಲು ಈಗ ತೆರೆಯಬಹುದು, ಇನ್ನೊಂದು ಉಸಿರಿನಲ್ಲಿ ತೆರೆಯಬಹುದು, ತೆರೆಯದೆಯೂ ಇರಬಹುದು. ಹಾಡು ಇದಕ್ಕೆ ತದ್ವಿರುದ್ಧ. ಪಲ್ಲವಿ ಮುಗಿದರೆ ಚರಣ, ಚರಣ ಮುಗಿದರೆ ಮತ್ತೆ ಪಲ್ಲವಿ ಎಂಬುದು ನಮ್ಮ ಕಿವಿಗೆ ಹುಟ್ಟಿನಿಂದ ಗೊತ್ತು. ಪಲ್ಲವಿ ಶುರುವಾದ ಕೂಡಲೇ, ಇನ್ನು ನಾಲ್ಕು ನಿಮಿಷ ಇವಳಿಗೆ ಏನೂ ಆಗುವುದಿಲ್ಲ ಎಂದು ಪ್ರೇಕ್ಷಕನ ಮೈ ತಾನಾಗಿಯೇ ತೀರ್ಮಾನಿಸುತ್ತದೆ. ನಿಮ್ಮ ಮೂರನೆಯ ಹಾಡಿನಲ್ಲಿ ಪೆಟ್ಟಿಗೆಯ ಮುಚ್ಚಳ ಅರ್ಧ ಏಳುತ್ತದೆ, ಹುಡುಗಿ ಹಿಂದೆ ಸರಿಯುತ್ತಾಳೆ, ಅಲ್ಲಿಂದ ನಾಲ್ಕು ನಿಮಿಷ ಹತ್ತು ಸೆಕೆಂಡು ಹಾಡು; ಅಷ್ಟು ಹೊತ್ತೂ ಮುಚ್ಚಳ ಅರ್ಧದಲ್ಲಿಯೇ ಇರುತ್ತದೆ. ಒಂಬತ್ತು ‘ಲ್ಯಾಗ್’ಗಳಲ್ಲಿ ಆರು ಈ ಜಾಗದವು. ಹಾಡು ಉದ್ದವಾದದ್ದರಿಂದ ಬಂದ ದೂರಲ್ಲ ಇದು. ಹಾಡಿನೊಳಗೆ ಕಾಲ ನಿಂತುಹೋದದ್ದರಿಂದ ಬಂದದ್ದು.

ಕಾಲ ನಿಲ್ಲದ ಹಾಡು ಹೇಗಿರುತ್ತದೆ ಎಂಬುದಕ್ಕೆ ‘ಲಿಟಲ್ ಶಾಪ್ ಆಫ್ ಹಾರರ್ಸ್’ ಎಂಬ ಚಿತ್ರವನ್ನು ನೀವು ಹುಡುಕಿ ನೋಡಲೇಬೇಕು. ಫ್ರ್ಯಾಂಕ್ ಓಜ್ ನಿರ್ದೇಶಿಸಿದ 1986ರ ಈ ಅಮೆರಿಕನ್ ಚಿತ್ರ, ಹೊವರ್ಡ್ ಆಶ್ಮನ್ ಮತ್ತು ಅಲನ್ ಮೆಂಕನ್ 1982ರಲ್ಲಿ ರಂಗಕ್ಕೆ ತಂದ ಸಂಗೀತ ನಾಟಕದಿಂದ ಬಂದದ್ದು. ಆ ನಾಟಕದ ಮೂಲ ರಾಜರ್ ಕಾರ್ಮನ್ 1960ರಲ್ಲಿ ತೀರ ಅಗ್ಗವಾಗಿ ಮುಗಿಸಿದ ಒಂದು ಚಿತ್ರ. ಹೂವಿನಂಗಡಿಯ ಬಡ ಕೆಲಸಗಾರ ಸೀಮೋರ್‌ಗೆ ಮನುಷ್ಯರ ರಕ್ತ ಕುಡಿದು ಬೆಳೆಯುವ ಗಿಡವೊಂದು ಸಿಗುತ್ತದೆ. ಅಂಗಡಿಯ ಮಾಲೀಕನನ್ನು ಗಿಡ ನುಂಗುವ ಸನ್ನಿವೇಶ ಪೂರ್ತಿಯಾಗಿ ಒಂದು ಹಾಡಿನೊಳಗೆ ನಡೆಯುತ್ತದೆ. ಗಿಡ ಹಸಿವೆಯ ಹಾಡು ಹಾಡುತ್ತಲೇ ಇರುತ್ತದೆ, ಮಾಲೀಕ ಮಾತಾಡುತ್ತ ಆಡುತ್ತ ಅದರ ಬಾಯಿಯ ಕಡೆಗೇ ಸರಿಯುತ್ತಿರುತ್ತಾನೆ, ಪ್ರತಿ ಸಾಲಿಗೂ ದೂರ ಕಡಿಮೆಯಾಗುತ್ತದೆ. ಅಲ್ಲಿ ಪಲ್ಲವಿ ಮರಳಿ ಬರುವುದೆಂದರೆ ಸಾವು ಇನ್ನೊಂದು ಹೆಜ್ಜೆ ಹತ್ತಿರ ಬಂದಂತೆ. ನಿಮ್ಮ ಮುಚ್ಚಳಕ್ಕೂ ಇದೇ ಬೇಕು: ಪ್ರತಿ ಚರಣಕ್ಕೂ ಅದು ಒಂದಿಷ್ಟು ಏಳಲಿ, ಎರಡನೆಯ ಚರಣದ ನಡುವೆ, ಕಿವಿ ಪಲ್ಲವಿಗಾಗಿ ಕಾಯುತ್ತಿರುವಾಗ, ಹಾಡು ಕತ್ತರಿಸಿಹೋಗಲಿ. ಚಿತ್ರೀಕರಣದ ಉಳಿದ ತುಣುಕುಗಳಲ್ಲಿ ಮುಚ್ಚಳದ ಬೇರೆ ಬೇರೆ ಎತ್ತರಗಳ ಶಾಟ್‌ಗಳಿದ್ದರೆ ಇದು ಎರಡು ದಿನಗಳ ಕೆಲಸ. ಇಲ್ಲವಾದರೆ ಪೆಟ್ಟಿಗೆಯನ್ನು ಮತ್ತೆ ತಂದು ಅರ್ಧ ದಿನ ಕ್ಯಾಮೆರಾ ಓಡಿಸಬೇಕಾಗುತ್ತದೆ.

ಸಭಾಂಗಣ ನಕ್ಕದ್ದಕ್ಕೆ ಕಾರಣ ಬೇರೆ, ಅದು ಶಬ್ದದಲ್ಲಿದೆ. ಅದಕ್ಕೂ ಮುಂಚಿನ ಹತ್ತು ನಿಮಿಷ ನಿಮ್ಮ ಬಣ್ಣದ ಕೋಣೆಯ ಸದ್ದು ಬಹಳ ಚೆನ್ನಾಗಿದೆ: ಹೆಂಚಿನ ಮೇಲೆ ಇಲಿ ಓಡುವ ಸದ್ದು, ಹೊಲಿಗೆ ಯಂತ್ರದ ಕಿರುಗುಟ್ಟು, ಹುಡುಗಿಯ ಮಾತಿನ ಹಿಂದೆ ಆ ಖಾಲಿ ಕೋಣೆಯ ಗುಂಯ್ ಎನ್ನುವ ಗಾಳಿ. ಸತ್ತ ನಟಿ ಬಾಯಿ ತೆರೆದ ಕ್ಷಣದಲ್ಲಿ ಇದೆಲ್ಲ ಅಳಿಸಿಹೋಗಿ, ಮೈಕಿನ ಹತ್ತಿರ ನಿಂತು ಹಾಡಿದ, ತೊಳೆದು ಒರೆಸಿಟ್ಟಂಥ ಸ್ಟುಡಿಯೋ ದನಿ ಬರುತ್ತದೆ. ಕಣ್ಣಿಗೆ ಕಾಣುವ ಕೋಣೆ ಒಂದು, ಕಿವಿಗೆ ಕೇಳುವ ಕೋಣೆ ಇನ್ನೊಂದು. ಮಾಮೂಲಿ ಪ್ರೇಮಗೀತೆಯಲ್ಲಿ ಈ ಜಿಗಿತವನ್ನು ನಾವು ಗಮನಿಸುವುದೇ ಇಲ್ಲ, ಅಷ್ಟು ರೂಢಿಯಾಗಿದೆ. ಹೆದರಿಕೆಯಲ್ಲಿ ಕಿವಿ ಚೂಪಾಗಿರುತ್ತದೆ. ಅದು ಕೂಡಲೇ ಸುಳ್ಳನ್ನು ಹಿಡಿದು ನಗುತ್ತದೆ. ಕೋಣೆಯ ಗಾಳಿಯ ಸದ್ದನ್ನು ಹಾಡಿನ ಕೆಳಗೂ ಮುಂದುವರಿಸಿರಿ, ಗಾಯಕಿಯ ದನಿಯನ್ನು ಸ್ಪೀಕರಿನಲ್ಲಿ ಅದೇ ಬಣ್ಣದ ಕೋಣೆಯಲ್ಲಿ ನುಡಿಸಿ ಮತ್ತೆ ಧ್ವನಿಮುದ್ರಿಸಿಕೊಳ್ಳಿರಿ, ಸಾಲುಗಳ ನಡುವಿನ ಉಸಿರನ್ನು ತೆಗೆದುಹಾಕಿದ್ದರೆ ವಾಪಸು ತನ್ನಿರಿ. ಇನ್ನೊಂದು ಮಾತನ್ನು ಯಕ್ಷಗಾನದಿಂದಲೇ ಹೇಳುತ್ತೇನೆ. ಅಲ್ಲಿ ರಾಕ್ಷಸ ಸ್ವತಃ ಹಾಡುವುದಿಲ್ಲ. ಹಾಡುವವರು ಭಾಗವತರು, ವೇಷ ಕುಣಿಯುತ್ತದೆ, ಆಮೇಲೆ ಮಾತಾಡುತ್ತದೆ. ತುಟಿಯಾಡಿಸಿ ಹಾಡುವ ಮುಖ ನಮಗೆ ಎಷ್ಟೇ ಆದರೂ ಪರಿಚಿತವಾಗಿಬಿಡುತ್ತದೆ. ಸತ್ತ ನಟಿಯ ದನಿ ಕೋಣೆಯ ತುಂಬ ಕೇಳಲಿ, ಅವಳ ತುಟಿ ಮಾತ್ರ ಮುಚ್ಚಿಯೇ ಇರಲಿ. ನಿಮ್ಮಲ್ಲಿ ಅವಳು ಬೆನ್ನು ತಿರುಗಿಸಿ ಕನ್ನಡಿಯ ಮುಂದೆ ಕುಳಿತ ಶಾಟ್ ಒಂದಿದೆ. ಇಡೀ ಹಾಡಿಗೆ ಅದೊಂದೇ ಸಾಕಾಗಬಹುದು.

ಇನ್ನು ಕೊನೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ 11 ಚೀಟಿಗಳಂಥವೇ ಚೀಟಿಗಳು ‘ಲಿಟಲ್ ಶಾಪ್’ ಚಿತ್ರದ ಕೊನೆಯನ್ನೇ ಬದಲಿಸಿದ್ದವು. ಮೂಲ ನಾಟಕದಲ್ಲಿ ನಾಯಕಿ ಆಡ್ರಿಯನ್ನೂ ಸೀಮೋರ್‌ನನ್ನೂ ಗಿಡ ತಿಂದುಬಿಡುತ್ತದೆ, ಆಮೇಲೆ ಲೋಕವನ್ನೇ ನುಂಗಲು ಹೊರಡುತ್ತದೆ. ಚಿತ್ರವನ್ನೂ ಹಾಗೆಯೇ ಮಾಡಲಾಗಿತ್ತು. ದೈತ್ಯ ಗಿಡಗಳು ನ್ಯೂಯಾರ್ಕ್ ನಗರವನ್ನು ಧ್ವಂಸಮಾಡುವ ಕೊನೆಯ ಭಾಗವನ್ನು ಪುಟ್ಟ ಮಾದರಿಗಳನ್ನು ಕಟ್ಟಿ ಸುಮಾರು 50 ಲಕ್ಷ ಡಾಲರ್ ಖರ್ಚಿನಲ್ಲಿ ಚಿತ್ರೀಕರಿಸಿದ್ದರು. ಬಿಡುಗಡೆಗೆ ಮುಂಚೆ ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆಯಲ್ಲಿ ಪರೀಕ್ಷಾ ಪ್ರದರ್ಶನ ನಡೆಯಿತು. ಓಜ್ ನೆನಪಿಸಿಕೊಂಡಂತೆ, ಪ್ರತಿ ಹಾಡಿಗೂ ಚಪ್ಪಾಳೆ ಬಿತ್ತು, ನಾಯಕ ನಾಯಕಿ ಸತ್ತ ಮೇಲೆ ಮಾತ್ರ ಚಿತ್ರಮಂದಿರ ತಣ್ಣಗಾಗಿಬಿಟ್ಟಿತು. ಬೇರೆಯವರಿಗೆ ಈ ಚಿತ್ರ ನೋಡಲು ಹೇಳುತ್ತೇನೆ ಎನ್ನುವವರು ನೂರಕ್ಕೆ 55 ಮಂದಿಯಾದರೂ ಬೇಕೆಂಬುದು ವಾರ್ನರ್ ಬ್ರದರ್ಸ್ ಸಂಸ್ಥೆಯ ಲೆಕ್ಕವಾಗಿತ್ತು. ಸಿಕ್ಕವರು 13 ಮಂದಿ. ಲಾಸ್ ಏಂಜಲಿಸ್‌ನಲ್ಲಿ ಮತ್ತೆ ತೋರಿಸಿದಾಗಲೂ ಇದೇ ಕಥೆ. ಕೊನೆಗೆ ಹೊಸ ಅಂತ್ಯವನ್ನು ಚಿತ್ರೀಕರಿಸಿದರು: ಸೀಮೋರ್ ಆಡ್ರಿಯನ್ನು ಉಳಿಸುತ್ತಾನೆ, ವಿದ್ಯುತ್ ಹಾಯಿಸಿ ಗಿಡವನ್ನು ಕೊಲ್ಲುತ್ತಾನೆ, ಇಬ್ಬರೂ ಆಡ್ರಿ ಕನಸು ಕಂಡಂಥ ಮನೆಗೆ ಹೋಗುತ್ತಾರೆ, ಅಂಗಳದಲ್ಲಿ ಮಾತ್ರ ಒಂದು ಚಿಕ್ಕ ಮೊಗ್ಗು ನಗುತ್ತಿರುತ್ತದೆ.

ಅದೇ ಕಥೆ ರಂಗದ ಮೇಲೆ ವರ್ಷಗಟ್ಟಲೆ ಗೆದ್ದು ತೆರೆಯ ಮೇಲೆ ಏಕೆ ಸೋತಿತು? ಓಜ್ ಆಮೇಲೆ ಕೊಟ್ಟ ವಿವರಣೆ ನನಗೆ ಸರಿಯೆನಿಸುತ್ತದೆ. ನಾಟಕದಲ್ಲಿ ಸತ್ತ ನಟರು ಕೊನೆಗೆ ರಂಗಕ್ಕೆ ಮರಳಿ ಬಂದು ತಲೆಬಾಗುತ್ತಾರೆ, ಅವರು ಚೆನ್ನಾಗಿದ್ದಾರೆಂದು ಪ್ರೇಕ್ಷಕರಿಗೆ ಸಮಾಧಾನವಾಗುತ್ತದೆ. ಚಿತ್ರದಲ್ಲಿ ಹೋದವರು ಹೋದರು. ಇದಕ್ಕೆ ನನ್ನದೊಂದು ಮಾತನ್ನು ಸೇರಿಸುತ್ತೇನೆ. ಚಿತ್ರದ ಮೊದಲ ಭಾಗದಲ್ಲಿ ಆಡ್ರಿ ತನ್ನ ಕನಸಿನ ಪುಟ್ಟ ಮನೆಯ ಬಗ್ಗೆ ಒಂದು ಹಾಡು ಹಾಡುತ್ತಾಳೆ. ಹೊಡೆಯುವ ಪ್ರಿಯಕರನ ಕೈಯಲ್ಲಿ ನಲುಗಿದ ಹೆಣ್ಣು, ಬೇಲಿಯಿರುವ ಮನೆ, ಹಸಿರು ಅಂಗಳ, ಅಡುಗೆಮನೆಯ ಸಣ್ಣಪುಟ್ಟ ಸುಖ ಎಂದು ಬೇಡಿಕೊಳ್ಳುವ ಹಾಡು ಅದು. ಒಬ್ಬ ಪಾತ್ರ ತನ್ನ ಆಸೆಯನ್ನು ಹಾಡಾಗಿ ಹೇಳಿದರೆ ಪ್ರೇಕ್ಷಕ ಅವಳಿಗೆ ಮನಸ್ಸಿನಲ್ಲಿಯೇ ಮಾತು ಕೊಟ್ಟುಬಿಡುತ್ತಾನೆ. ಮಾತಿನಲ್ಲಿ ಹೇಳಿದ್ದರೆ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಬರೀ ಹಾರರ್ ಚಿತ್ರದಲ್ಲಿ ನಾಯಕಿ ಸತ್ತರೆ ನಾವು ಬೆಚ್ಚುತ್ತೇವೆ. ನಮಗೆ ಹಾಡು ಹೇಳಿದ ನಾಯಕಿ ಸತ್ತರೆ, ಅದೂ ಯಾವ ತಪ್ಪೂ ಮಾಡದೆ ಸತ್ತರೆ, ಮೋಸಹೋದಂತಾಗುತ್ತದೆ. ನಿಮ್ಮ ಹುಡುಗಿಯ ಎರಡನೆಯ ಹಾಡನ್ನು ನೆನಪಿಸಿಕೊಳ್ಳಿರಿ: ತಂಗಿಯನ್ನು ಕರೆದುಕೊಂಡು ಹುಬ್ಬಳ್ಳಿಯಲ್ಲಿ ಸ್ವಂತ ಹೊಲಿಗೆ ಅಂಗಡಿ ಇಡುವ ಹಾಡು. ಏಳರಲ್ಲಿ ಅದೇ ಅತ್ಯುತ್ತಮವಾದದ್ದು. ಅದು ಅಷ್ಟು ಚೆನ್ನಾಗಿರುವುದರಿಂದಲೇ ನಿಮ್ಮ ಕೊನೆ 11 ಮಂದಿಗೆ ನೋವಾಗಿ ಚುಚ್ಚಿದೆ.

ಹಾಗೆಂದು ಹುಡುಗಿಯನ್ನು ಉಳಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ‘ಲಿಟಲ್ ಶಾಪ್’ ಅಂತ್ಯವನ್ನು ಬದಲಿಸಿದ ಮೇಲೂ ಚಿತ್ರಮಂದಿರಗಳಲ್ಲಿ ದೊಡ್ಡ ಗೆಲುವನ್ನೇನೂ ಕಾಣಲಿಲ್ಲ, ಸುಮಾರು 2.5 ಕೋಟಿ ಡಾಲರ್ ವೆಚ್ಚಕ್ಕೆ ಅಮೆರಿಕದಲ್ಲಿ ಗಳಿಸಿದ್ದು ಸುಮಾರು 3.9 ಕೋಟಿ, ಅದರಲ್ಲಿ ಚಿತ್ರಮಂದಿರಗಳ ಪಾಲೂ ಸೇರಿತ್ತು. ಮನೆಮನೆಗೆ ವಿಡಿಯೋ ಕ್ಯಾಸೆಟ್ಟಿನಲ್ಲಿ ತಲುಪಿದ ಮೇಲೆ ಜನ ಅದನ್ನು ಪ್ರೀತಿಸಿದರು. ಕತ್ತರಿಸಿದ ಮೂಲ ಅಂತ್ಯವನ್ನು 2012ರಲ್ಲಿ ಜೋಡಿಸಿ ಹೊರತಂದಾಗ, ಅದೇ ಸರಿಯಾದ ಅಂತ್ಯ ಎನ್ನುವವರೂ ಬಹಳ ಮಂದಿ ಸಿಕ್ಕಿದರು. ಎರಡನ್ನೂ ನೋಡಿದ್ದೇನೆ. ನನ್ನ ಮನಸ್ಸು ಮೂಲದ ಕಡೆಗಿದೆ, ಆದರೂ ಸ್ಯಾನ್ ಹೊಸೆಯಲ್ಲಿ ಕುಳಿತವರು ಹೇಳಿದ್ದು ಸುಳ್ಳೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಅವರು ಕೇಳಿದ್ದು ಸಮಾಧಾನವನ್ನು. ಅದನ್ನು ಕೊಡಲು ಸಾವನ್ನು ತೆಗೆದುಹಾಕುವುದೊಂದೇ ದಾರಿಯಾಗಿರಲಿಲ್ಲ.

ನಿಮ್ಮ ಬಳಿ ಇನ್ನೊಂದು ದಾರಿಯಿದೆ, ಅದು ನಿಮ್ಮ ಕಥೆಯ ನೆಲದಲ್ಲಿಯೇ ಇದೆ. ಕಂಪನಿ ನಾಟಕ ನಾಂದಿಯಿಂದ ಶುರುವಾಗಿ ಮಂಗಳದಿಂದ ಮುಗಿಯುತ್ತಿತ್ತು. ರಂಗದ ಮೇಲೆ ಸತ್ತವರು, ಕೊಂದವರು ಎಲ್ಲರೂ ಬಣ್ಣದಲ್ಲಿಯೇ ಬಂದು ನಿಂತು ಮಂಗಳ ಹಾಡುವ ಆ ಕ್ಷಣವೇ ನಮ್ಮ ಸಮಾಧಾನ. ಹುಡುಗಿ ಪೆಟ್ಟಿಗೆಯೊಳಗೆ ಹೋದ ಮೇಲೆ ನಿಮ್ಮ ಚಿತ್ರ ಕಪ್ಪು ತೆರೆಯಲ್ಲಿ ಹೆಸರುಗಳನ್ನು ಓಡಿಸುತ್ತದೆ. ಅದರ ಬದಲು ಹಾಳುಬಿದ್ದ ಆ ರಂಗದ ಮೇಲೆ ಕಂಪನಿಯವರೆಲ್ಲ ನಿಂತು ಮಂಗಳ ಹಾಡಲಿ, ಸಾಲಿನ ಕೊನೆಯಲ್ಲಿ ಹುಡುಗಿಯೂ ತಾನೇ ಹೊಲಿದ ಉಡುಪಿನಲ್ಲಿ ನಿಂತಿರಲಿ. ಎರಡು ನಿಮಿಷ ಸಾಕು. ಇದರಲ್ಲಿ ಅಪಾಯವಿಲ್ಲವೆಂದಲ್ಲ. ಮಂಗಳ ತೀರ ಇಂಪಾಗಿಬಿಟ್ಟರೆ, ಇದುವರೆಗೆ ಕಟ್ಟಿದ ಹೆದರಿಕೆಯೆಲ್ಲ ಆಟವಾಗಿತ್ತು ಎಂಬಂತಾಗುತ್ತದೆ. ಹುಡುಗಿಯ ಮುಖದಲ್ಲಿ ನಗೆ ಇರಬೇಕೋ ಬೇಡವೋ ಎಂಬುದನ್ನು ಎರಡೂ ರೀತಿ ಚಿತ್ರೀಕರಿಸಿಯೇ ತೀರ್ಮಾನಿಸಬೇಕು. ಉಡುಪು, ದೀಪ, ಹತ್ತು ಮಂದಿ ಎಂದರೆ ಇನ್ನೊಂದು ದಿನದ ಖರ್ಚೂ ಇದೆ. ಅಷ್ಟು ಹಣ ಉಳಿದಿಲ್ಲವಾದರೆ, ಕೊನೆಯ ಹೆಸರುಗಳ ಕೆಳಗೆ ಹುಡುಗಿಯ ದನಿಯಲ್ಲಿ, ವಾದ್ಯವಿಲ್ಲದೆ, ಎರಡನೆಯ ಹಾಡಿನ ಎರಡು ಸಾಲನ್ನಾದರೂ ಕೇಳಿಸಿರಿ.

ಈಗ ಮಾವನವರ ಸಲಹೆ. ಹಣ ಹಾಕಿದವರ ಕಾಳಜಿ ನ್ಯಾಯವಾದದ್ದೇ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಹಾಡುಗಳನ್ನೆಲ್ಲ ತೆಗೆದರೆ ನಿಮ್ಮ ಕೈಯಲ್ಲಿ ಉಳಿಯುವುದು ಸುಮಾರು 50 ನಿಮಿಷ, ಅದರಲ್ಲಿ ಸತ್ತ ನಟಿ ಯಾರು, ಏಕೆ ಸತ್ತಳು ಎಂಬ ಒಂದು ಸುಳಿವೂ ಇರುವುದಿಲ್ಲ, ಏಕೆಂದರೆ ಅದೆಲ್ಲ ನಾಲ್ಕನೆಯ ಮತ್ತು ಆರನೆಯ ಹಾಡಿನಲ್ಲಿದೆ. ಹಿಂದೊಮ್ಮೆ ನಾನೇ ಇಂಥ ಕೆಲಸ ಮಾಡಿದ್ದೇನೆ. ಬಿಡುಗಡೆಯಾದ ಮೊದಲ ದಿನವೇ ‘ಹಾಡು ಜಾಸ್ತಿ’ ಎಂದು ಕೇಳಿಬಂದಾಗ, ನಿರ್ಮಾಪಕರ ಒತ್ತಾಯಕ್ಕೆ ರಾತ್ರೋರಾತ್ರಿ ಮೂರು ಹಾಡು ಕತ್ತರಿಸಿದೆ. ಮರುದಿನದಿಂದ ‘ಹಾಡು ಜಾಸ್ತಿ’ ಎನ್ನುವ ಮಾತು ನಿಂತಿತು, ‘ಕಥೆಯೇ ಇಲ್ಲ’ ಎನ್ನುವ ಮಾತು ಶುರುವಾಯಿತು. ಆ ಹಾಡುಗಳು ಏನನ್ನು ಹೊತ್ತಿದ್ದವು ಎಂದು ನೋಡದೆ ಕತ್ತರಿಸಿದ್ದಕ್ಕೆ ನನಗೆ ಇಂದಿಗೂ ಬೇಸರವಿದೆ.

ಹಾಡುಗಳನ್ನು ಇಟ್ಟುಕೊಂಡು ಟ್ರೇಲರಿನಲ್ಲಿ ಮಾತ್ರ ಮುಚ್ಚಿಡುವ ಯೋಚನೆಯೂ ಮಾವನವರ ಮನಸ್ಸಿಗೆ ಬರಬಹುದು. ದೊಡ್ಡವರೂ ಅದನ್ನು ಮಾಡಿದ್ದಾರೆ. ಸ್ಟೀಫನ್ ಸೋಂಡ್‌ಹೈಮ್ ಅವರ 1979ರ ಸಂಗೀತ ನಾಟಕವನ್ನು ಟಿಮ್ ಬರ್ಟನ್ 2007ರಲ್ಲಿ ‘ಸ್ವೀನಿ ಟಾಡ್’ ಚಿತ್ರವಾಗಿ ತಂದಾಗ, ಗಿರಾಕಿಗಳ ಕೊರಳು ಕೊಯ್ಯುವ ಕ್ಷೌರಿಕನ ಆ ಚಿತ್ರದ ಬಹುಭಾಗ ಹಾಡೇ ಆಗಿದ್ದರೂ ಟ್ರೇಲರಿನಲ್ಲಿ ಅದರ ಸುಳಿವು ತೀರ ಕಡಿಮೆಯಿತ್ತು. ತಿಳಿಯದೆ ಬಂದ ಕೆಲವರು ನಡುವೆಯೇ ಎದ್ದುಹೋದರು. ಆದರೂ ಆ ಚಿತ್ರ ಸುಮಾರು 15 ಕೋಟಿ ಡಾಲರ್ ಗಳಿಸಿತು. ಜಾನಿ ಡೆಪ್ ಇದ್ದ ಚಿತ್ರಕ್ಕೆ ಅಷ್ಟು ಜನ ಎದ್ದುಹೋದರೂ ತಡೆದುಕೊಳ್ಳುವ ಶಕ್ತಿಯಿತ್ತು. 2024ರ ‘ಜೋಕರ್: ಫೋಲಿ ಆ ದ್ಯೂ’ ಹಾರರ್ ಅಲ್ಲದಿದ್ದರೂ ಇಲ್ಲಿ ನೆನೆಯಬೇಕಾದದ್ದು. 2019ರ ಮೊದಲ ಚಿತ್ರ 100 ಕೋಟಿ ಡಾಲರಿಗೂ ಹೆಚ್ಚು ಗಳಿಸಿತ್ತು. ಅದೇ ಕತ್ತಲೆಯನ್ನು ಬಯಸಿ ಬಂದವರಿಗೆ ಎರಡನೆಯದರಲ್ಲಿ ಹಾಡುಗಳು ಎದುರಾದವು, ಮೊದಲ ರಾತ್ರಿಯ ಪ್ರೇಕ್ಷಕರು ಅದಕ್ಕೆ ಡಿ ದರ್ಜೆ ಕೊಟ್ಟರು, ಗಳಿಕೆ ಸುಮಾರು 20 ಕೋಟಿಗೆ ಇಳಿಯಿತು. ಹಾಡೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ಆದರೆ ಬಂದವನು ಏನನ್ನು ಬಯಸಿ ಬಂದ ಎಂಬುದರ ಮೇಲೆ ಅಭಿಪ್ರಾಯ ಎಷ್ಟು ನಿಂತಿರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಯೂಟ್ಯೂಬಿನಲ್ಲಿ ಎದ್ದುಹೋಗಲು ಒಂದು ಬೆರಳು ಸಾಕು. ನಿಮ್ಮ ಟ್ರೇಲರಿನ ಮೊದಲ ಹತ್ತು ಸೆಕೆಂಡಿನಲ್ಲಿಯೇ ಹಾರ್ಮೋನಿಯಂ ಕೇಳಿಸಲಿ. ನೋಡುವವರು ಕಡಿಮೆಯಾಗಬಹುದು, ಬಂದವರು ಉಳಿಯುತ್ತಾರೆ.

ದರ್ಜೆಯ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ಬಿಡುಗಡೆಯ ರಾತ್ರಿ ಪ್ರೇಕ್ಷಕರಿಂದ ಚೀಟಿ ತುಂಬಿಸಿಕೊಂಡು ಎ ಪ್ಲಸ್‌ನಿಂದ ಎಫ್‌ವರೆಗೆ ದರ್ಜೆ ಕೊಡುತ್ತದೆ. ಹಾರರ್ ಚಿತ್ರಗಳಿಗೆ ಅಲ್ಲಿ ಮೊದಲಿನಿಂದಲೂ ದರ್ಜೆ ಕಡಿಮೆಯೇ. ವಿಮರ್ಶಕರು ಬಹಳ ಮೆಚ್ಚಿದ 2018ರ ‘ಹೆರೆಡಿಟರಿ’ಗೆ ಸಿಕ್ಕಿದ್ದು ಡಿ ಪ್ಲಸ್, ಆದರೂ ಅದು ತನ್ನ ವೆಚ್ಚದ ಹಲವು ಪಟ್ಟು ಗಳಿಸಿತು. ಕದಡಿದ ಮನಸ್ಸಿನಿಂದ ಹೊರಬಂದವನು ಬಾಗಿಲಲ್ಲಿಯೇ ಒಳ್ಳೆಯ ಅಂಕ ಕೊಡುವುದು ಕಷ್ಟ. ನಿಮ್ಮ ಚೀಟಿಗಳನ್ನೂ ದೀಪ ಹತ್ತಿದ ಕೂಡಲೇ ಬರೆಸಿಕೊಂಡಿದ್ದೀರಿ. ಅದರಲ್ಲಿರುವ ಅಂಕಗಳನ್ನು ನಾನು ಪಕ್ಕಕ್ಕಿಟ್ಟಿದ್ದೇನೆ, ಮಾತುಗಳನ್ನು ಮಾತ್ರ ಓದಿದ್ದೇನೆ.

ನಿಮ್ಮ ಗೆಳೆಯ ಹೇಳುವ ಕಲ್ಟ್ ಮಾತಿನಲ್ಲಿ ಅರ್ಧ ಸತ್ಯವಿದೆ. 1975ರಲ್ಲಿ ಬಂದ, ಹಾರರ್ ಚಿತ್ರಗಳನ್ನು ಹಾಡುಗಳಲ್ಲಿ ಅಣಕಿಸುವ ‘ದಿ ರಾಕಿ ಹಾರರ್ ಪಿಕ್ಚರ್ ಶೋ’ ಮೊದಲು ಸೋತು, 1976ರ ಏಪ್ರಿಲ್ 1ರಿಂದ ನ್ಯೂಯಾರ್ಕಿನ ವೇವರ್ಲಿ ಚಿತ್ರಮಂದಿರದಲ್ಲಿ ನಡುರಾತ್ರಿಯ ಪ್ರದರ್ಶನಗಳಲ್ಲಿ ಮರುಹುಟ್ಟು ಪಡೆಯಿತು. ಜನ ವೇಷ ಹಾಕಿಕೊಂಡು ಬಂದು ತೆರೆಗೆ ಮಾರುತ್ತರ ಕೊಡತೊಡಗಿದರು, ಆ ಪ್ರದರ್ಶನಗಳು ಇಂದಿಗೂ ನಡೆಯುತ್ತಿವೆ. ಆದರೆ ಅದೇ ತಂಡದ ಮುಖ್ಯರು, ಅದೇ ನಡುರಾತ್ರಿಯ ಪ್ರೇಕ್ಷಕರನ್ನು ನೆಚ್ಚಿಕೊಂಡು 1981ರಲ್ಲಿ ತಂದ ‘ಶಾಕ್ ಟ್ರೀಟ್‌ಮೆಂಟ್’ ಅಷ್ಟು ದೂರ ನಡೆಯಲಿಲ್ಲ. ನಿಮ್ಮ ಅಳತೆಗೆ ಹತ್ತಿರವಾದದ್ದು 2008ರ ‘ರೀಪೋ! ದಿ ಜೆನೆಟಿಕ್ ಒಪೆರಾ’. ಡ್ಯಾರನ್ ಲಿನ್ ಬೌಸ್ಮನ್ ನಿರ್ದೇಶಿಸಿದ, ಬಹುತೇಕ ಪೂರ್ತಿ ಹಾಡಿನಲ್ಲಿಯೇ ಸಾಗುವ ರಕ್ತಸಿಕ್ತ ಚಿತ್ರ ಅದು. ಸುಮಾರು 85 ಲಕ್ಷ ಡಾಲರ್ ಖರ್ಚಾಗಿ, ಬೆರಳೆಣಿಕೆಯ ಚಿತ್ರಮಂದಿರಗಳಿಂದ ಬಂದದ್ದು ಎರಡು ಲಕ್ಷಕ್ಕಿಂತ ಕಡಿಮೆ. ಆಮೇಲೆ ತಂಡದವರೇ ಊರಿಂದೂರಿಗೆ ಚಿತ್ರವನ್ನು ಹೊತ್ತುಕೊಂಡು ಹೋಗಿ ತೋರಿಸಿದರು, ಅದನ್ನು ಬಿಟ್ಟಿರಲಾರದ ಒಂದು ಚಿಕ್ಕ ಬಳಗ ಹುಟ್ಟಿಕೊಂಡಿತು. ಹಣ ಬರಲಿಲ್ಲ, ಚಿತ್ರ ಬದುಕಿತು. ನಿಮ್ಮ ಗೆಳೆಯನ ದಾರಿ ಹಿಡಿಯುವುದಾದರೆ ಅದರ ನಿಜವಾದ ಬೆಲೆ ಇದು: ವರ್ಷ ಎರಡು ವರ್ಷ ನೀವೇ ಪ್ರೊಜೆಕ್ಟರ್ ಹೊತ್ತು ತಿರುಗಬೇಕು. ಒಂಬತ್ತು ಲಕ್ಷ ಮಾವನದಾಗಿರುವಾಗ ಆ ತೀರ್ಮಾನ ನಿಮ್ಮೊಬ್ಬರದಲ್ಲ.

ನಾನಾಗಿದ್ದರೆ ಮೊದಲು ಮೂರನೆಯ ಹಾಡಿನ ಶಬ್ದವನ್ನು ಸರಿಪಡಿಸಿ, ಮುಚ್ಚಳದ ಕೆಲಸ ಮುಗಿಸಿ, ಐದನೆಯದನ್ನು ಪಲ್ಲವಿ ಮತ್ತು ಒಂದು ಚರಣಕ್ಕೆ ಇಳಿಸಿ, ಬಸ್ಸಿಳಿಯುವ ಹಾಡಿನೊಳಗೆ ಕಥೆಗೆ ಬೇಕಾದ ಒಂದು ಘಟನೆಯನ್ನು ತರುತ್ತಿದ್ದೆ. ಅಂತ್ಯವನ್ನು ಆಗಲೂ ಮುಟ್ಟುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಆಮೇಲೆ ಚಿತ್ರವನ್ನು ಮೊದಲು ನೋಡಿರದ, ನಿಮಗೆ ಸಂಬಂಧಿಕರಲ್ಲದ ಮೂವತ್ತು ಮಂದಿಗೆ, ಇದು ಹಾಡಿನಲ್ಲಿ ಹೇಳಿದ ಹಾರರ್ ಕಥೆ ಎಂದು ಮೊದಲೇ ತಿಳಿಸಿ ತೋರಿಸಿರಿ. ಪ್ರದರ್ಶನದ ಹೊತ್ತಿಗೆ ತೆರೆಯನ್ನು ನೋಡದೆ ಜನರ ಮುಖಗಳನ್ನು ನೋಡಿರಿ. ಫೋನಿನ ಬೆಳಕು ಎಲ್ಲೆಲ್ಲಿ ಹೊತ್ತಿತು ಎಂದು ನಿಮಿಷದ ಲೆಕ್ಕದಲ್ಲಿ ಗುರುತು ಹಾಕಿಕೊಳ್ಳಿರಿ. ಚೀಟಿಯಲ್ಲಿ ‘ಹೇಗಿತ್ತು’ ಎಂದು ಕೇಳಬೇಡಿರಿ. ಎಲ್ಲಿ ಹೆದರಿಕೆಯಾಯಿತು, ಎಲ್ಲಿ ಹೆದರಿಕೆ ಹೋಯಿತು, ಹುಡುಗಿಗೆ ಏನು ಬೇಕಾಗಿತ್ತು ಎಂದು ಕೇಳಿರಿ. ಮೂರನೆಯ ಪ್ರಶ್ನೆಗೆ ಹೆಚ್ಚಿನವರು ಅಂಗಡಿ, ತಂಗಿ ಎಂದು ಬರೆದು, ಆಗಲೂ ಕೊನೆಯ ಬಗ್ಗೆ ನೊಂದುಕೊಂಡರೆ, ಮಂಗಳದ ದಿನದ ಖರ್ಚಿಗೆ ಆ ಚೀಟಿಗಳನ್ನು ಹಿಡಿದುಕೊಂಡೇ ಮಾವನ ಹತ್ತಿರ ಹೋಗಿರಿ.

ನಂಬರು ಬರೆದುಕೊಟ್ಟ ಆರು ಮಂದಿಗೆ ಹಾಡುಗಳನ್ನು ಈ ವಾರವೇ ಕಳಿಸಿಕೊಡಿರಿ, ಅವರೇ ನಿಮ್ಮ ಮೊದಲ ಬಳಗ. ಮೂರನೆಯ ಹಾಡನ್ನು ಮಾತ್ರ, ಬಣ್ಣದ ಕೋಣೆಯಲ್ಲಿ ಮರುಮುದ್ರಿಸಿದ ಮೇಲೆ ಕಳಿಸಿರಿ.